‘ಗೊತ್ತಿಲ್ಲ’ ಎನ್ನದ ನಲವತ್ತು ಮನೆಗಳು

ನಮ್ಮ ಕಡೆಯ ಹಳ್ಳಿಗಳಲ್ಲಿ ನೀವು ಯಾರ ಮನೆಗೆ ಹೋದರೂ ಜಗಲಿಯ ಮೂಲೆಯಲ್ಲೋ ಬಾಗಿಲ ಹಿಂದೆಯೋ ಒಂದು ಪ್ಲಾಸ್ಟಿಕ್ ಕುರ್ಚಿ ಇದ್ದೇ ಇರುತ್ತದೆ. ಹೆಚ್ಚಾಗಿ ನೀಲಿ, ಅಲ್ಲೊಂದು ಇಲ್ಲೊಂದು ಕೆಂಪು. ಮನೆಯವರು ಅದರಲ್ಲಿ ಕೂತಿದ್ದನ್ನು ನಾನು ಕಂಡಿದ್ದು ಕಡಿಮೆ. ಅವರಿಗೆ ಜಗಲಿಯಿದೆ, ಮೆಟ್ಟಿಲಿದೆ, ಎಲ್ಲಕ್ಕಿಂತ ಹೆಚ್ಚಾಗಿ ತಣ್ಣಗಿನ ನೆಲವಿದೆ. ನೆಂಟರು ಬಂದರೆ ಚಾಪೆ ಹಾಸುತ್ತಾರೆ, ನೆರೆಯವರು ಬಂದರೆ ಏನನ್ನೂ ಹಾಸುವುದಿಲ್ಲ, ಅವರು ತಾವಾಗಿಯೇ ಕೂರುತ್ತಾರೆ. ಕುರ್ಚಿ ಈಚೆ ಬರುವುದು ಕೈಯಲ್ಲಿ ಕಾಗದ ಹಿಡಿದು ಬಂದವರಿಗೆ ಮಾತ್ರ: ಓಟಿನ ಪಟ್ಟಿಯವರು, ಜನಗಣತಿಯವರು, ದನಗಳ ಡಾಕ್ಟರು. ಮನೆಯಾಕೆ ಸೆರಗಿನಿಂದ ಅದನ್ನು ಒಮ್ಮೆ ಒರೆಸಿ, ಅಂಗಳದ ನಡುವೆ ಇಟ್ಟು, ತಾನು ಕಂಬಕ್ಕೆ ಒರಗಿ ನಿಂತುಕೊಳ್ಳುತ್ತಾಳೆ. ಅಲ್ಲಿಂದ ಮುಂದೆ ಅವಳು ಆಡುವ ಮಾತೆಲ್ಲ ಆ ಕುರ್ಚಿಗೆ ಆಡುವ ಮಾತು.

ಇಪ್ಪತ್ತು ವರ್ಷದಿಂದ ಪಾಂಡವಪುರ ತಾಲ್ಲೂಕಿನ ನಮ್ಮೂರಿನ ಅಂಗನವಾಡಿಯಲ್ಲಿ ಟೀಚರಾಗಿರುವ ನಾನು ಈ ಕುರ್ಚಿಯ ಖಾಯಂ ಗಿರಾಕಿ. ನಮ್ಮ ಕೆಲಸವೆಂದರೆ ಮಕ್ಕಳಿಗೆ ಹಾಡು ಹೇಳಿಕೊಡುವುದು ಎಂದು ನೀವು ತಿಳಿದಿದ್ದರೆ ಅದು ಕಾಲುಭಾಗ ಸತ್ಯ. ಉಳಿದ ಮುಕ್ಕಾಲು ನಮೂನೆ ತುಂಬುವುದು. ಬಸುರಿಯರ ಪಟ್ಟಿ, ಬಾಣಂತಿಯರ ಪಟ್ಟಿ, ಮಕ್ಕಳ ತೂಕದ ಪಟ್ಟಿ, ಪಟ್ಟಿಗಳ ಪಟ್ಟಿ. ಯಾರ ಮನೆಯಲ್ಲಿ ಎಷ್ಟು ಜನ, ಎಷ್ಟು ದನ, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮಗಳು ತವರಿಗೆ ಬಂದು ಮೂರು ತಿಂಗಳಾದರೂ ಹಿಂದಿರುಗಿಲ್ಲ, ಎಲ್ಲವೂ ನನಗೆ ಬಾಯಿಪಾಠ. ಊರಿನ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂಬುದು ನನ್ನ ಹೆಮ್ಮೆಯಾಗಿತ್ತು, ಸ್ವಲ್ಪ ಜಂಬವೂ ಆಗಿತ್ತು.

ಆ ಜಂಬಕ್ಕೆ ಮೊದಲ ಪೆಟ್ಟು ಬಿದ್ದಿದ್ದು ಕೊರೋನಾ ಕಾಲದಲ್ಲಿ. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಜನ ಮುಂಬೈಗೆ ಹೋಗಿ ಕ್ಯಾಂಟೀನಿನಲ್ಲೋ ಟ್ಯಾಕ್ಸಿಯಲ್ಲೋ ಬದುಕು ಕಟ್ಟಿಕೊಳ್ಳುವುದು ಎರಡು ಮೂರು ತಲೆಮಾರಿನ ರೂಢಿ. ಆ ವರ್ಷ ಅವರೆಲ್ಲ ಗುಂಪುಗುಂಪಾಗಿ ಊರಿಗೆ ಮರಳಿದಾಗ ನಮ್ಮೂರಿಗೂ ಐದಾರು ಸಂಸಾರ ಬಂತು. ಅವರನ್ನು ಶಾಲೆಯ ಕೋಣೆಗಳಲ್ಲಿ ಇಟ್ಟಿದ್ದರು. ಜ್ವರ ನೋಡುವ ಯಂತ್ರ ಹಿಡಿದು ಕಿಟಕಿಯಾಚೆ ನಿಲ್ಲುವುದು ನನ್ನ ಪಾಲಿನ ಕೆಲಸ. ಒಂದು ಬೆಳಗ್ಗೆ ಕಿಟಕಿಯ ಸರಳು ಹಿಡಿದು ನಿಂತಿದ್ದ ಹೆಂಗಸೊಬ್ಬಳು ಹಣೆಯನ್ನು ಯಂತ್ರಕ್ಕೆ ಒಡ್ಡುತ್ತಲೇ, ಇದೆಲ್ಲ ಯಾಕೆ ಬಂತು ಮಿಸ್ಸೇ, ಎಂದು ಕೇಳಿದಳು. ದೂರಿದ್ದಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದು. ನಾನು ಯಂತ್ರದ ಅಂಕಿಯನ್ನು ಬರೆದುಕೊಂಡು ಮುಂದಿನ ಕಿಟಕಿಗೆ ಹೋದೆ. ಆ ಪ್ರಶ್ನೆ ಮಾತ್ರ ನನ್ನ ಜೊತೆಗೇ ಮನೆಗೆ ಬಂತು, ಮತ್ತೆ ಹೋಗಲಿಲ್ಲ.

ಹೀಗಾಗಿ ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ದೂರಶಿಕ್ಷಣದಲ್ಲಿ ಸಮಾಜಶಾಸ್ತ್ರದ ಎಂ.ಎ.ಗೆ ಸೇರಿದೆ. ಭಾನುವಾರ ಮೈಸೂರಿನಲ್ಲಿ ತರಗತಿ. ಬೆಳಗಿನ ಬಸ್ಸು ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಪಠ್ಯ ತೆಗೆದರೆ ಮೈಸೂರು ಬರುವಷ್ಟರಲ್ಲಿ ಒಂದು ಅಧ್ಯಾಯ ಮುಗಿಯುತ್ತಿತ್ತು, ಕಿಟಕಿ ಪಕ್ಕದ ಸೀಟು ಸಿಕ್ಕದಿದ್ದರೆ. ಸಿಕ್ಕರೆ ಹೊಳೆ ನೋಡುವುದರಲ್ಲೇ ಕಾಲ ಕಳೆದು ಅಧ್ಯಾಯ ಹಾಗೇ ಉಳಿಯುತ್ತಿತ್ತು. ಎರಡನೇ ವರ್ಷದಲ್ಲಿ ‘ಸಮಕಾಲೀನ ಜಾಗತಿಕ ಬಿಕ್ಕಟ್ಟುಗಳು’ ಎಂಬ ವಿಷಯವೇ ಇತ್ತು. ಹವಾಮಾನ, ಸಾಂಕ್ರಾಮಿಕ, ಯುದ್ಧ, ವಲಸೆ. ಕಿಟಕಿಯ ಹೆಂಗಸಿನ ಪ್ರಶ್ನೆಗೆ ಕೊನೆಗೂ ಯಾರೋ ಪುಸ್ತಕ ಬರೆದಿದ್ದಾರಲ್ಲ ಎಂದು ನನಗೆ ಬಹಳ ಸಮಾಧಾನವಾಯಿತು.

ಒಂದು ತೊಂದರೆಯಿತ್ತು. ನನಗೆ ಮನಸ್ಸಿನಲ್ಲೇ ಓದಿಕೊಳ್ಳಲು ಬರುವುದಿಲ್ಲ. ಇಪ್ಪತ್ತು ವರ್ಷ ಮಕ್ಕಳಿಗೆ ಕೂಗಿ ಹೇಳಿಕೊಟ್ಟ ಗಂಟಲು, ಅಕ್ಷರ ಕಂಡರೆ ತಾನಾಗಿ ತೆರೆದುಕೊಳ್ಳುತ್ತದೆ. ಸಂಜೆ ಹಾಲು ಕರೆದು ಡೈರಿಗೆ ಹಾಕಿ ಬಂದ ಮೇಲೆ ಅತ್ತೆ ಹಜಾರದಲ್ಲಿ ಕಾಲು ಚಾಚಿ ಸೊಪ್ಪು ಬಿಡಿಸುತ್ತಲೋ ಕಾಳು ಹಸನು ಮಾಡುತ್ತಲೋ ಕೂತಿರುತ್ತಿದ್ದರು. ನಾನು ಪಕ್ಕದಲ್ಲಿ ಗೋಡೆಗೆ ಒರಗಿ ಜೋರಾಗಿ ಓದುತ್ತಿದ್ದೆ. ಮನೆಯೇನು ಇಸ್ಕೂಲಾ ಎಂದು ಅವರು ಗೊಣಗುತ್ತಿದ್ದರು. ನನಗೂ ಸಂಕೋಚವಾಗಿ ಒಮ್ಮೊಮ್ಮೆ ಕೋಣೆಗೆ ಹೋಗಿ ಓದುತ್ತಿದ್ದೆ. ಆಗ ಅವರಿಗೆ ಅದೇ ಹೊತ್ತಿಗೆ ಕೋಣೆಯಲ್ಲೇ ಏನಾದರೂ ಹುಡುಕುವ ಕೆಲಸ ಬೀಳುತ್ತಿತ್ತು. ಒಂದು ದಿನ ಕೊಟ್ಟಿಗೆಯಲ್ಲಿ ಕಾಲು ಝಾಡಿಸಿ ಹಾಲಿನ ಬಕೆಟ್ಟು ಉರುಳಿಸಿದ ಹಸುವನ್ನು ಅವರು ಬೈಯುತ್ತಿದ್ದುದು ಕೇಳಿಸಿತು: “ಏನೇ ನಿಂದು, ಎದ್ದೇಟ್ಗೆ ಜಾಗತಿಕ ಬಿಕ್ಕಟ್ಟು?” ಹಸು ಉತ್ತರಿಸಲಿಲ್ಲ. ನಾನು ಸೀರೆಯ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಕೋರ್ಸಿನ ಕೊನೆಯಲ್ಲಿ ಒಂದು ಕಿರುಸಂಶೋಧನೆ ಮಾಡಬೇಕಿತ್ತು. ಜಗತ್ತಿನ ಬಿಕ್ಕಟ್ಟುಗಳು ಒಂದು ಹಳ್ಳಿಯ ಮನೆಮನೆಯನ್ನು ಹೇಗೆ ಮುಟ್ಟಿವೆ ಎಂಬುದು ನಾನು ಆರಿಸಿಕೊಂಡ ವಿಷಯ. ಮಾರ್ಗದರ್ಶಕರು ನಿವೃತ್ತಿಗೆ ಹತ್ತಿರವಾದ ಮೇಷ್ಟರು, ಮಿತಮಾತಿನವರು. ನಲವತ್ತು ಮನೆ, ಮನೆಗೆ ಹದಿನೆಂಟು ಪ್ರಶ್ನೆ ಎಂದು ನಿಗದಿಯಾಯಿತು. ಪಾಂಡವಪುರದ ಡಿಟಿಪಿ ಅಂಗಡಿಯಲ್ಲಿ ಪ್ರಶ್ನಾವಳಿ ಅಚ್ಚು ಹಾಕಿಸಿಕೊಂಡು ಬಂದೆ. ಒಂದು ಸೋಮವಾರ ಮಧ್ಯಾಹ್ನ ಅಂಗನವಾಡಿಯ ಮಕ್ಕಳು ಉಂಡು ಮಲಗಿದ ಮೇಲೆ ಆ ಕಟ್ಟನ್ನು ಬಿಚ್ಚಿದೆ.

ಈಗ ನಾನು ಹೇಳಲಿರುವುದನ್ನು ನೀವು ಸ್ನೇಹಿತರೆಂದು ನಂಬಿ ಹೇಳುತ್ತಿದ್ದೇನೆ. ಆ ಮಧ್ಯಾಹ್ನವೂ ಮುಂದಿನ ಮೂರು ಮಧ್ಯಾಹ್ನಗಳೂ ಅಲ್ಲೇ ಕೂತು ನಲವತ್ತು ಮನೆಯ ಪ್ರಶ್ನಾವಳಿಯನ್ನೂ ನಾನೇ ತುಂಬಿಬಿಟ್ಟೆ. ಒಂದು ಮನೆಗೂ ಹೋಗಲಿಲ್ಲ. ಸಾಕಮ್ಮನಿಗೆ ಲಾಕ್‌ಡೌನಿನಲ್ಲಿ ಏನಾಯಿತು? ಹಾಲಿನ ಗಾಡಿ ಬರಲಿಲ್ಲ, ನಷ್ಟವಾಯಿತು, ಬರೆ. ತಮ್ಮಣ್ಣನ ಗದ್ದೆಗೆ ಯುದ್ಧದಿಂದ ಏನಾಯಿತು? ಗೊಬ್ಬರ ಸಿಕ್ಕಲಿಲ್ಲ, ಇಳುವರಿ ಇಳಿಯಿತು, ಬರೆ. ಹದಿನೆಂಟನೆಯ ಪ್ರಶ್ನೆ, ಮುಂದಿನ ದಿನಗಳ ಬಗ್ಗೆ ನಿಮಗಿರುವ ದೊಡ್ಡ ಭಯ ಯಾವುದು ಎಂಬುದು. ಅದಕ್ಕೆ ನಾಲೆಯ ಕೊನೆ ಭಾಗದ ನಮ್ಮೂರಿನಲ್ಲಿ ಬೇರೆ ಉತ್ತರವೇ ಇರಲಾರದೆಂದು ನಲವತ್ತಕ್ಕೂ ‘ನೀರು’ ಎಂದು ಬರೆದೆ. ನಲವತ್ತನೆಯ ಮನೆ ನಮ್ಮದೇ, ಅತ್ತೆಯ ಹೆಸರಿನಲ್ಲಿ. ಅವರು ದಿನವೂ ಮನೆಯಲ್ಲೇ ಸಿಗುತ್ತಿದ್ದರು; ಅವರನ್ನೂ ಕೇಳಲಿಲ್ಲ. ಗೊತ್ತಿರುವುದನ್ನೇ ಹೋಗಿ ಕೇಳುವುದು ಜನರ ಹೊತ್ತು ಹಾಳುಮಾಡುವುದೆಂಬುದು ನಮ್ಮ ಉದ್ಯೋಗದ ಅಭ್ಯಾಸ. ಅದು ಮೋಸವೆಂದು ನನಗೆ ಹೊಳೆಯಲೇ ಇಲ್ಲ, ಜಾಣತನವೆಂದುಕೊಂಡಿದ್ದೆ.

ಮೇಷ್ಟರು ಕಟ್ಟನ್ನು ತಿರುವಿ ಹಾಕಿದರು. ಒಂದೊಂದು ಹಾಳೆಯನ್ನೂ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಲವತ್ತು ಮನೆಗೆ ಹೋಗಿದ್ದೀರಿ. ಒಬ್ಬರೂ ಒಂದು ಪ್ರಶ್ನೆಗೂ ‘ಗೊತ್ತಿಲ್ಲ’ ಅಂದಿಲ್ವಲ್ಲಮ್ಮ?”

ಅಷ್ಟೇ ಅಂದಿದ್ದು. ಮೂರು ವಾರ ಇದೆ, ಮತ್ತೆ ಹೋಗಿ ಬನ್ನಿ, ಆಗದಿದ್ದರೆ ಮುಂದಿನ ವರ್ಷ ನೋಡೋಣ ಎಂದು ಕಟ್ಟನ್ನು ನನ್ನ ಕಡೆ ತಳ್ಳಿದರು. ಮುಂದಿನ ವರ್ಷವೆಂದರೆ ನನ್ನಂಥವಳಿಗೆ ಇನ್ನೆಂದೂ ಇಲ್ಲ ಎಂದೇ ಅರ್ಥ. ಕೆಲಸ, ಕೊಟ್ಟಿಗೆ, ಮನೆ ಮೂರರ ನಡುವೆ ಈ ಎರಡು ವರ್ಷ ಹೇಗೋ ಕದ್ದು ತಂದಿದ್ದೆ, ಮೂರನೆಯದನ್ನು ಕದಿಯುವ ಶಕ್ತಿ ಇರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೂ ಹೊಳೆ ನೋಡಲಿಲ್ಲ. ಸುಳ್ಳು ಸಿಕ್ಕಿಬಿದ್ದ ನಾಚಿಕೆಗಿಂತ ಇನ್ನೊಂದು ನಾಚಿಕೆ ದೊಡ್ಡದಿತ್ತು. ಕಿಟಕಿಯ ಸರಳು ಹಿಡಿದು ಕೇಳಿದವಳಿಗೆ ಉತ್ತರ ಹುಡುಕಲು ಹೊರಟವಳು, ಅವಳಂಥ ನಲವತ್ತು ಜನರನ್ನು ಒಂದು ಮಾತೂ ಕೇಳದೆ ಮುಗಿಸಿಬಿಟ್ಟಿದ್ದೆ.

ಮಾರನೆಯ ದಿನದಿಂದಲೇ ಹೊರಟೆ. ಮೊದಲ ನಾಲ್ಕು ಮನೆಗಳಲ್ಲಿ ಕುರ್ಚಿ ಹಾಕಿದರು, ಕೂತೆ, ಕೇಳಿದೆ. ನಂಬುತ್ತೀರೋ ಇಲ್ಲವೋ, ನಾನು ಮೊದಲು ಬರೆದಿದ್ದ ಉತ್ತರಗಳೇ ಅಕ್ಷರಶಃ ಬಂದವು. ನಷ್ಟ, ತೊಂದರೆ, ಸರ್ಕಾರ ಏನಾದರೂ ಮಾಡಬೇಕು, ನೀರು. ಇದು ಯಾವ ಪರಿಹಾರಕ್ಕೆ ಮಿಸ್ಸೇ ಎಂದು ಮೆಲ್ಲಗೆ ಒಬ್ಬಾಕೆ ವಿಚಾರಿಸಿಯೂ ಬಿಟ್ಟಳು. ಹಾಗಾದರೆ ನಾನು ಬರೆದಿದ್ದೇ ಸರಿಯಿತ್ತಲ್ಲ ಎಂದು ಒಂದು ಗಳಿಗೆ ಖುಷಿಯಾಯಿತು. ಆದರೆ ಇಲ್ಲೂ ಯಾರೂ ‘ಗೊತ್ತಿಲ್ಲ’ ಎಂದಿರಲಿಲ್ಲ.

ಐದನೆಯದು ಸಾಕಮ್ಮನ ಮನೆ. ಅರವತ್ತು ದಾಟಿದ ಒಂಟಿ ಹೆಂಗಸು, ಎರಡು ಸೀಮೆಹಸು ಸಾಕಿ ಡೈರಿಗೆ ಹಾಲು ಹಾಕುತ್ತಾಳೆ. ಅವಳ ಕುರ್ಚಿಯ ಮೇಲೆ ಆ ದಿನ ಒಂದು ಮಂಕರಿ ಇತ್ತು, ಮಂಕರಿಯೊಳಗೆ ಕಾವಿಗೆ ಕೂತ ಕೋಳಿ. ನೆಲದಲ್ಲಿಟ್ಟರೆ ಇರುವೆ ಕಾಟವಂತೆ. ಕೋಳಿಯನ್ನು ಎಬ್ಬಿಸುವ ಮನಸ್ಸು ಅವಳಿಗೂ ಇರಲಿಲ್ಲ, ನನಗೂ ಇರಲಿಲ್ಲ. ಅವರೆಕಾಯಿಯ ಕಾಲ, ಅವಳು ಹಿಂದಿನ ದಿನ ನೆನೆಹಾಕಿದ್ದ ಅವರೆಕಾಳನ್ನು ಮುಂದಿಟ್ಟುಕೊಂಡು ಬೆರಳಲ್ಲಿ ಹಿದುಕುತ್ತ ಕೂತಿದ್ದಳು. ನಾನೂ ಎದುರಿಗೆ ನೆಲದ ಮೇಲೆ ಕೂತು ಒಂದು ಹಿಡಿ ಕಾಳು ತೆಗೆದುಕೊಂಡೆ. ಹಿದುಕವರೆಯ ಕೆಲಸ ನಿಮಗೆ ಗೊತ್ತಿದ್ದರೆ ಸರಿ. ಕಾಳನ್ನು ಎರಡು ಬೆರಳಿನ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಕಣ್ಣು ಕಾಳಿನ ಮೇಲಿರಬೇಕು, ಎದುರಿಗಿರುವವರ ಮುಖ ನೋಡುವಂತಿಲ್ಲ. ಪ್ರಶ್ನಾವಳಿಯನ್ನು ತೊಡೆಯ ಕೆಳಗೆ ಹಾಕಿಕೊಂಡಿದ್ದೆ. ಅರ್ಧ ಪಾತ್ರೆ ತುಂಬಿದ ಮೇಲೆ, ಕೇಳುವ ಧ್ವನಿಯಲ್ಲದ ಧ್ವನಿಯಲ್ಲಿ, ಹಾಲಿನ ಗಾಡಿ ಬರದೇ ಹೋದ ದಿನಗಳಲ್ಲಿ ಏನು ಮಾಡಿದೆ ಎಂದೆ. ಅವಳು ಇನ್ನೊಂದು ಹಿಡಿ ಕಾಳು ತೆಗೆದುಕೊಂಡಳು.

“ಆ ಎಲ್ಡ್ ದಿನ ನಾನೂ ಆಲ್ ಕುಡ್ದೆ ಕಣವ್ವ. ಲೋಟದ್ ತುಂಬ.”

ಮೂವತ್ತು ವರ್ಷ ಹಸು ಸಾಕಿದವಳು, ತನ್ನ ಮನೆಯ ಹಾಲನ್ನು ಕಾಫಿಯ ಬಣ್ಣಕ್ಕೆ ಬೇಕಾದಷ್ಟು ಬಿಟ್ಟರೆ ಬೇರೆ ಕುಡಿದಿರಲಿಲ್ಲವಂತೆ. ಆ ಎರಡು ದಿನ ಬೀದಿಯ ಮಕ್ಕಳನ್ನೆಲ್ಲ ಕರೆದು ಕುಡಿಸಿ, ಕೊನೆಗೆ ತಾನೂ ಬೆಲ್ಲ ಹಾಕಿಕೊಂಡು ಕುಡಿದಳಂತೆ. ಹೇಳಬಾರದ್ದನ್ನು ಹೇಳಿದವಳ ಹಾಗೆ ನಕ್ಕಳು. ಜಗತ್ತೇ ನರಳುತ್ತಿದ್ದಾಗ ತನಗೆ ಅಷ್ಟು ರುಚಿಯಾಗಿದ್ದು ತಪ್ಪೇನೋ ಎಂದು ಅವಳಿಗೆ ಇವತ್ತಿಗೂ ಅನುಮಾನ. ನಾನು ‘ನಷ್ಟ’ ಎಂದು ಬರೆದ ಜಾಗದಲ್ಲಿ ಒಂದು ಲೋಟ ಹಾಲಿತ್ತು. ಮನೆಗೆ ಬಂದು ಆ ಹಳೆಯ ಕಟ್ಟನ್ನು ಅಟ್ಟಕ್ಕೆ ಹಾಕಿ, ಕುರ್ಚಿಯಲ್ಲಿ ಕೂತು ಕೇಳಿದ ನಾಲ್ಕು ಮನೆಗಳನ್ನೂ ಹೊಡೆದು ಹಾಕಿದೆ; ಆ ನಾಲ್ಕಕ್ಕೂ ಮತ್ತೆ ಹೋಗಬೇಕಿತ್ತು.

ಅಲ್ಲಿಂದ ಮುಂದೆ ಎಲ್ಲಿಯೂ ಕುರ್ಚಿ ಮುಟ್ಟಲಿಲ್ಲ. ಮೊದಮೊದಲು ಜನಕ್ಕೆ ಮುಜುಗರವಾಯಿತು. ಆದರೆ ಅವರೆಯ ಕಾಲದಲ್ಲಿ ಯಾವ ಮನೆಯಲ್ಲಿ ಕೈಗೆ ಕೆಲಸವಿಲ್ಲ ಹೇಳಿ? ಕಾಯಿ ಸುಲಿದೆ, ಕಾಳು ಹಿದುಕಿದೆ. ಮೂರು ವಾರದಲ್ಲಿ ನನ್ನ ಹೆಬ್ಬೆರಳಿನ ಉಗುರು ಕಪ್ಪಾಗಿ, ಬೆರಳಿಗೆಲ್ಲ ಅವರೆಯ ಸೊಗಡು ಹತ್ತಿತು. ಪುಸ್ತಕದಲ್ಲಿ ಕ್ಷೇತ್ರಕಾರ್ಯವೆಂದು ಒಂದು ಇಡೀ ಅಧ್ಯಾಯವಿದೆ, ಅದರಲ್ಲಿ ಅವರೆಕಾಯಿಯ ಪ್ರಸ್ತಾಪ ಮಾತ್ರ ಇಲ್ಲ.

ತಮ್ಮಣ್ಣನ ಹತ್ತಿರ ಕೂತಿದ್ದು ಗದ್ದೆಯ ಬದುವಿನ ಮೇಲೆ. ಗೊಬ್ಬರದ ಮಾತು ಬಂದಾಗ ಅವನು ನನಗೆ ಬೇಕಾಗಿದ್ದ ಆ ಪದವನ್ನು ಮೊಟ್ಟಮೊದಲ ಬಾರಿಗೆ ನುಡಿದ: ಗೊತ್ತಿಲ್ಲ. ಎಲ್ಲೋ ದೂರದ ದೇಶದಲ್ಲಿ ಗುಂಡು ಹಾರಿದರೆ ತನಗೆ ಗೊಬ್ಬರ ಯಾಕೆ ಬರುವುದಿಲ್ಲವೆಂದು ತನಗೆ ಇನ್ನೂ ಅರ್ಥವಾಗಿಲ್ಲ, ನೀನು ಓದಿದವಳಲ್ಲ, ಹೇಳು ಎಂದ. ನಾನು ಬದುವಿನ ಮಣ್ಣಿನಲ್ಲಿ ಕಲ್ಲುಗಳನ್ನಿಟ್ಟು ಇದು ಬಂದರು, ಇದು ಹಡಗು, ಇದು ಕಾರ್ಖಾನೆ ಎಂದು ತೋರಿಸಿದೆ. ತರಗತಿಯಲ್ಲಿ ಬರೆದುಕೊಂಡ ದೊಡ್ಡ ದೊಡ್ಡ ಪದಗಳು ಬದುವಿನ ಮೇಲೆ ನಿಲ್ಲಲಾರದೆ ಒಂದೊಂದಾಗಿ ಜಾರಿಹೋದವು, ಕಲ್ಲುಗಳಷ್ಟೇ ಉಳಿದವು. ಅವನು ಬಗ್ಗಿ ನೋಡಿ ತಲೆದೂಗಿದ.

“ಅಂಗಾರೆ ನಮ್ ನಾಲೆ ಇದ್ದಂಗೆ ಅನ್ನು. ಮೇಲಿರೋನು ತೂಬು ಮುಚ್ಕಂಡ್ರೆ ಕೊನೇಲಿರೋನ್ ಗದ್ದೆ ಒಣಗ್ತದೆ.”

ಎರಡು ವರ್ಷ ನಾನು ಬಸ್ಸಿನಲ್ಲಿ ಓದಿದ್ದನ್ನು ಅವನು ಬದುವಿನ ಮೇಲೆ ಕೂತು ಒಂದು ಉಸಿರಿನಲ್ಲಿ ಹೇಳಿಬಿಟ್ಟ. ನನ್ನ ವರದಿಗೆ ಬೇರೆ ಸಿದ್ಧಾಂತ ಬೇಕಾಗಲಿಲ್ಲ.

ಆಮೇಲೆ ನನ್ನ ಸಂಸಾರದ ಭೂಗೋಳವೇ ನನಗೆ ಬೇರೆಯಾಗಿ ಕಾಣತೊಡಗಿತು. ನನ್ನ ತವರು ನಾಗಮಂಗಲದ ಕಡೆ. ಅಲ್ಲಿ ನಾಲೆಯಿಲ್ಲ, ನನ್ನ ತಾಯಿ ಬೆಳಗ್ಗೆ ಎದ್ದು ಮೊದಲು ನೋಡುತ್ತಿದ್ದುದು ಮೋಡವನ್ನು. ಕೊಟ್ಟ ಮನೆಗೆ ಬಂದರೆ ಇಲ್ಲಿ ಯಾರೂ ಮೋಡ ನೋಡುವುದಿಲ್ಲ, ಪತ್ರಿಕೆಯ ಮೂಲೆಯಲ್ಲಿ ಕೆ.ಆರ್.ಎಸ್. ಅಣೆಕಟ್ಟಿನ ಮಟ್ಟ ಎಷ್ಟು ಅಡಿ ಎಂದು ನೋಡುತ್ತಾರೆ. ನಾದಿನಿಯನ್ನು ಕೊಟ್ಟಿರುವುದು ಕೆ.ಆರ್. ಪೇಟೆಯ ಮಾಕವಳ್ಳಿ ಹತ್ತಿರ. ಅವಳ ಮನೆಯವರು ನೋಡುವುದು ಸಕ್ಕರೆ ಕಾರ್ಖಾನೆಯ ಹೊಗೆಯನ್ನು. ಶ್ರೀರಂಗಪಟ್ಟಣದಲ್ಲಿ ಎಳನೀರು ಮಾರುವ ನನ್ನ ಚಿಕ್ಕಮ್ಮನ ಮಗನಿಗೆ ಪ್ರವಾಸಿಗರ ಬಸ್ಸು ಬಂತೇ ಎಂಬುದೇ ದಿನಭವಿಷ್ಯ. ಒಂದೇ ಜಿಲ್ಲೆಯ ನಾಲ್ಕು ತಾಲ್ಲೂಕಿನವರು ಬೆಳಗ್ಗೆ ಎದ್ದು ನಾಲ್ಕು ಕಡೆ ಕತ್ತೆತ್ತಿ ನೋಡುತ್ತೇವೆ, ನಾಲ್ಕೂ ಕಡೆಯ ತೂಬು ಇನ್ನೆಲ್ಲೋ ಇನ್ಯಾರದೋ ಕೈಯಲ್ಲಿದೆ. ಹೀಗೆಂದು ತಿಳಿದಾಗ ಹೆದರಿಕೆಯಾಗಬೇಕಿತ್ತು. ನನಗೇಕೋ ನೆಂಟಸ್ತಿಕೆ ಹೆಚ್ಚಿದ ಹಾಗೆ ಆಯಿತು. ಹಡಗು ನಿಂತ ಊರಿನಲ್ಲೂ ನಮ್ಮ ಹಾಗೆಯೇ ಕತ್ತೆತ್ತಿ ಕಾಯುವ ಯಾರೋ ಇರುತ್ತಾರಲ್ಲ ಎನ್ನಿಸಿತು.

ಮೂರನೆಯ ವಾರ ಮುಗಿಯಲು ಎರಡು ದಿನವಿದ್ದಾಗ ಮೂವತ್ತೊಂಬತ್ತು ಮನೆ ಮುಗಿದಿತ್ತು. ಹದಿನೆಂಟನೆಯ ಪ್ರಶ್ನೆಗೆ ‘ನೀರು’ ಎಂದವರು ಇದ್ದರು, ನಿಜ. ಆದರೆ ಒಬ್ಬಾಕೆ ಮೊಬೈಲು ಎಂದಳು, ಒಬ್ಬ ಮುದುಕ ಮಂಡಿನೋವು ಎಂದ, ಹನ್ನೊಂದು ಜನ ಗೊತ್ತಿಲ್ಲ ಎಂದರು. ಆ ಹನ್ನೊಂದನ್ನು ಬರೆಯುವಾಗ ನನಗಾದ ಸಂತೋಷ ಇಷ್ಟಿಷ್ಟಲ್ಲ. ಉಳಿದಿದ್ದು ನಮ್ಮ ಮನೆ ಒಂದೇ. ಎಲ್ಲರ ಮನೆಯಲ್ಲೂ ಸಲೀಸಾಗಿ ನೆಲಕ್ಕೆ ಕೂತವಳಿಗೆ ಅತ್ತೆಯ ಎದುರು ಕೂತು ಕೇಳುವುದು ಯಾಕೋ ಕಷ್ಟವಾಗಿತ್ತು. ಇಪ್ಪತ್ತೊಂದು ವರ್ಷ ಒಂದೇ ಒಲೆಯ ಮುಂದೆ ಇದ್ದೇವೆ; ಏನು ಬೇಕು, ಉಪ್ಪು ಸಾಕೇ ಎಂದು ಕೇಳಿದ್ದೇನೆ. ನಿಮಗೇನು ಭಯ ಎಂದು ಕೇಳಿರಲಿಲ್ಲ.

ಸಂಜೆ ಎಂದಿನಂತೆ ಅವರು ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಈ ಬಾರಿ ಪುಸ್ತಕವಿಲ್ಲದೆ ಹೋಗಿ ಪಕ್ಕದಲ್ಲಿ ಕೂತೆ. ಊರನ್ನೆಲ್ಲ ಕೇಳಿಕೊಂಡು ಬಂದವಳಿಗೆ ಈಗ ನಮ್ಮನೆ ನೆನಪಾಯಿತೇ ಎಂದು ಅವರೇ ಕೆಣಕಿದರು. ನಾನು ಹಾಳೆ ಮುಂದಿಟ್ಟುಕೊಳ್ಳದೆಯೇ ಒಂದರಿಂದ ಹದಿನೇಳರ ತನಕ ಕೇಳಿದೆ. ತಮಾಷೆ ಮಾಡುತ್ತ, ನಡುನಡುವೆ ಯಾರನ್ನೋ ಬೈಯುತ್ತ ಹೇಳಿದರು. ಹದಿನೆಂಟನೆಯದಕ್ಕೆ ಅವರ ಕೈ ನಿಂತಿತು.

“ನಿನ್ ಓದು ಮುಗ್ದೋಯ್ತದಲ್ಲ, ಅದೇ ಕಣಮ್ಮಿ. ಆಮೇಕೆ ಸಂಜೆಗೆ ಯಾರ್ ಓದ್ತಾರೆ?”

ನಾನು ಕೋಣೆಗೆ ಹೋಗಿ ಓದಿದಾಗಲೆಲ್ಲ ಅವರು ಅಲ್ಲಿಗೆ ಬಂದು ಹುಡುಕುತ್ತಿದ್ದುದು ಏನನ್ನು ಎಂದು ಆಗ ತಿಳಿಯಿತು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು, ಎರಡು ವರ್ಷ ಗೊಣಗುತ್ತಲೇ ನನ್ನ ಜೊತೆ ಎಂ.ಎ. ಓದಿದ್ದರು. ಅದೇ ಜಾಗದಲ್ಲಿ ನಾನು ‘ನೀರು’ ಎಂದು ಬರೆದಿದ್ದೆ. ನೀರು ಬಂದದ್ದು ಮಾತ್ರ ನಿಜ, ನನ್ನ ಕಣ್ಣಿಗೆ. ಅವರೆಕಾಯಿಯ ಸೊಗಡಿನ ಬೆರಳಲ್ಲಿ ಒರೆಸಿಕೊಂಡಿದ್ದಕ್ಕೆ ಇನ್ನಷ್ಟು ಉರಿಯಿತು.

ವರದಿಯನ್ನು ಮೇಷ್ಟರು ಒಪ್ಪಿದರು. ಮೌಖಿಕ ಪರೀಕ್ಷೆಗೆ ಬಂದಿದ್ದ ಹೊರಗಿನ ಪರೀಕ್ಷಕರು, ಇದೇನು ಇಷ್ಟು ಕಡೆ ‘ಗೊತ್ತಿಲ್ಲ’ ಎಂದಿದೆಯಲ್ಲ, ಸರಿಯಾಗಿ ಕೇಳಲಿಲ್ಲವೇ ಎಂದರು. ಸರಿಯಾಗಿ ಕೇಳಿದ್ದಕ್ಕೇ ಹಾಗಂದರು ಸಾರ್ ಎಂದೆ. ಮೇಷ್ಟರು ಕಿಟಕಿಯಾಚೆ ನೋಡುತ್ತ ನಕ್ಕರು. ಪಾಸಾದೆ.

ರಟ್ಟು ಹಾಕಿಸಿದ ವರದಿಯನ್ನು ಮನೆಗೆ ತಂದ ಸಂಜೆ ಅತ್ತೆ ಬಾಗಿಲ ಹಿಂದಿನ ನೀಲಿ ಕುರ್ಚಿಯನ್ನು ಎಳೆದು ಹಜಾರದ ನಡುವೆ ಹಾಕಿ, ಸೆರಗಿನಲ್ಲಿ ಒರೆಸಿದರು. ಎಂ.ಎ. ಆದವಳಿಗೆ ಕುರ್ಚಿಯೇನೋ ಎಂದುಕೊಂಡು ನಾನು ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ, ಅವರು ನನ್ನ ಕೈಯಿಂದ ವರದಿಯನ್ನು ತೆಗೆದುಕೊಂಡು ಅದರ ಮೇಲೆ ಕೂರಿಸಿ, ಚಿಟಿಕೆ ಅರಿಶಿನ ಕುಂಕುಮ ಇಟ್ಟರು. ನಮ್ಮ ಮನೆಗೆ ಬಂದವರಲ್ಲಿ ಕುರ್ಚಿ ಹಾಕಿಸಿಕೊಂಡೂ ಸುಳ್ಳು ಕೇಳಿಸಿಕೊಳ್ಳದ ಮೊದಲ ಅತಿಥಿ ಅದು. ನಾವಿಬ್ಬರೂ ಕೆಳಗೆ ಗೋಡೆಗೆ ಒರಗಿ ಕೂತೆವು. ಆಮೇಲೆ ಅವರೇ ಅದನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟು, ಓದು ಎಂದರು.

ಮೊದಲ ಮನೆಯಿಂದ ಓದತೊಡಗಿದೆ, ಜೋರಾಗಿ. ಸಾಕಮ್ಮನ ಹಾಲಿಗೆ ನಕ್ಕರು. ತಮ್ಮಣ್ಣನ ನಾಲೆಗೆ ಹೂಂಗುಟ್ಟಿದರು. ಹಾಗೇ ದಿನವೂ ಐದಾರು ಮನೆಯಂತೆ ವಾರವೆಲ್ಲ ಓದಿ, ಕೊನೆಗೆ ನಲವತ್ತನೆಯದಕ್ಕೆ ಬಂದಾಗ ಅದು ತಮ್ಮದೇ ಮಾತೆಂದು ಗುರುತು ಹಿಡಿದು ಸೆರಗು ಸರಿಮಾಡಿಕೊಂಡರು. ನಾನು ರಟ್ಟು ಮುಚ್ಚಿದೆ.

“ಮುಗ್ದೋಯ್ತಾ?” ಎಂದು ಕೇಳಿದರು.

ಇಪ್ಪತ್ತು ವರ್ಷ ಎಲ್ಲರ ಉತ್ತರವನ್ನೂ ನಾನೇ ಬರೆದುಕೊಂಡು ಬಂದವಳು, ನನ್ನ ಸರದಿ ಬಂದಾಗ ಅವರ ಮುಖ ನೋಡಿ ನಿಜವನ್ನೇ ಹೇಳಿದೆ.

“ಗೊತ್ತಿಲ್ಲ ಅತ್ತೆ.”